ಬೋರ್ಡಿನ ಮೇಲಿನ ಮೂರನೇ ಪದ

ಹೆಣ್ಣು ನೋಡಲು ಬಂದ ಗಂಡು ಹೆಣ್ಣನ್ನೇ ನೋಡಲಿಲ್ಲ!

ಕೊಳಾಲದ ಇಂಗ್ಲಿಷ್ ಟೀಚರ್ ಶಶಿರೇಖಾ ಕಾಫಿ ಲೋಟ ಹಿಡಿದು ನಿಂತೇ ಇದ್ದಳು. ರಂಗೇಶನ ಕಣ್ಣು ಮಾತ್ರ ಗೋಡೆಯ ಬೋರ್ಡಿಗೆ ಅಂಟಿತ್ತು. ಟ್ಯೂಷನ್ ಮಕ್ಕಳಿಗೆಂದು ಅವಳು ಬರೆದಿದ್ದ ಮೂರು ಇಂಗ್ಲಿಷ್ ಪದ ಅಲ್ಲಿದ್ದವು. ಸ್ಕೈಸ್ಕ್ರೇಪರ್, ಫಸ್ಟ್ ರೇಟ್, ಲೀವೇ.

"ಮೂರೂ ಹಡಗಿನಿಂದ ಇಳಿದು ಬಂದಿರೋವು," ಅಂದ.

ಏಳು ವರ್ಷ ಸರಕು ಹಡಗಿನಲ್ಲಿ ದುಡಿದು, ಈಗ ಪಾವಗಡದ ಕಡೆ ರಾಯಚರ್ಲು ಬಳಿಯ ಸೋಲಾರ್ ಪಾರ್ಕ್‌ನಲ್ಲಿ ಕೆಲಸಕ್ಕಿದ್ದಾನೆ ಎಂದು ದಲ್ಲಾಳಿ ಪರ್ವತಯ್ಯ ಮೊದಲೇ ಹೇಳಿದ್ದರು.

"ಸ್ಕೈಸ್ಕ್ರೇಪರ್ ಅಂದ್ರೆ ಎತ್ತರದ ಕಟ್ಟಡ ಅಲ್ವಾ?"

"ಅದಕ್ಕೂ ಮೊದ್ಲು ಹಾಯಿ. ಹಳೇ ಹಡಗಲ್ಲಿ ಎಲ್ಲಕ್ಕಿಂತ ಮೇಲೆ ಕಟ್ಟೋ ಪುಟ್ಟ ಹಾಯಿ."

"ಫಸ್ಟ್ ರೇಟ್?"

"ಫಿರಂಗಿ ಜಾಸ್ತಿ ಇರೋ ಯುದ್ಧದ ಹಡಗಿಗೆ ಮೊದಲ ದರ್ಜೆ ಕೊಡ್ತಿದ್ರು."

ಸಮುದ್ರವನ್ನೇ ಕಾಣದವಳ ಮೈ ಜುಮ್ಮೆಂದಿತು. ಐದು ವರ್ಷದಿಂದ ಪಾಠ ಮಾಡ್ತಿದೀನಿ, ಇದು ನಂಗೇ ಗೊತ್ತಿಲ್ವಲ್ಲ!

"ಮತ್ತೆ ಲೀವೇ...?"

ಅಷ್ಟರಲ್ಲಿ ಅವಳ ತಾಯಿ ನರಸಮ್ಮ ಎಲೆ ಹಾಕಿದರು. "ಏಳಪ್ಪ, ಊಟಕ್ಕೆ."

ರಂಗೇಶ್ ಆಗ ಮೊದಲ ಸಲ ಶಶಿರೇಖಾಳನ್ನು ನೇರವಾಗಿ ನೋಡಿದ. "ಇವತ್ತು ಊಟ ಬ್ಯಾಡ್ರಮ್ಮ," ಎಂದು ಕೈಮುಗಿದು ಹೊರಟೇಬಿಟ್ಟ.

ಮನೆ ತಣ್ಣಗಾಯಿತು. ಈ ಕಡೆ ಹೆಣ್ಣು ನೋಡಲು ಬಂದವರು ಕಾಫಿಯನ್ನೇನೋ ಎಲ್ಲರ ಮನೆಯಲ್ಲೂ ಕುಡಿಯುತ್ತಾರೆ. ಎಲೆಗೆ ಕೂರುವುದು ಸಂಬಂಧ ಒಪ್ಪಿಗೆಯಾದರೆ ಮಾತ್ರ.

"ಬ್ಯಾಡ ಅಂದಂಗೇ ಕಣಮ್ಮ. ಬುಡು ಅತ್ಲಾಗೆ," ಎಂದು ನರಸಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಊಟವಿಲ್ಲದೆ ಎದ್ದ ಸಂಬಂಧವೆಂದು ಪರ್ವತಯ್ಯನವರೂ ಕೈಬಿಟ್ಟರು.

ಹದಿನೈದು ದಿನ ಕಳೆಯಿತು. ಶಶಿರೇಖಾ ಮೊದಲೆರಡು ಪದ ಒರೆಸಿದಳು. ಮೂರನೆಯದಕ್ಕೆ ಕೈ ಹೋಗಲಿಲ್ಲ. ಡಿಕ್ಷನರಿ ತೆರೆದರೆ ಅರ್ಥ ಸಿಗುತ್ತಿತ್ತು, ಆದರೆ ಅವನ ಬಾಯಿಂದಲೇ ಕೇಳಬೇಕೆಂಬ ಹಠ! ಬೇಡ ಅಂದು ಹೋದವನ ಮೇಲೆ ನಂಗ್ಯಾಕಿಷ್ಟು ಆಸೆ...?

ಕೊನೆಗೆ ಪರ್ವತಯ್ಯನವರಿಂದ ನಂಬರ್ ಇಸಿದುಕೊಂಡು ಫೋನ್ ಮಾಡಿಯೇಬಿಟ್ಟಳು. ಭಾನುವಾರ ಬೆಳಿಗ್ಗೆ ಕೊರಟಗೆರೆ ಬಸ್ ಸ್ಟ್ಯಾಂಡ್‌ನಲ್ಲಿ ಅವನು ಅವಳಿಗಿಂತ ಮೊದಲೇ ಬಂದು ನಿಂತಿದ್ದ.

"ಲೀವೇ ಅಂದ್ರೇನು ಹೇಳಿ, ಹೋಗ್ತೀನಿ."

"ಗಾಳಿ ಹಡಗನ್ನ ಪಕ್ಕಕ್ಕೆ ತಳ್ಳುತ್ತೆ ಮೇಡಂ. ದಡ ತೀರಾ ಹತ್ರ ಇದ್ರೆ ಬಡಿದು ಒಡೆದೋಗುತ್ತೆ. ಅದ್ಕೇ ಸರಿಯಕ್ಕೆ ಅಂತ ಒಂದಷ್ಟು ಜಾಗ ಬಿಟ್ಟಿರ್ತಾರೆ, ಅದೇ ಲೀವೇ."

"ಊಟ ಯಾಕೆ ಮಾಡ್ಲಿಲ್ಲ?"

ಕೇಳಬಾರದೆಂದುಕೊಂಡದ್ದೇ ಬಾಯಿಗೆ ಬಂದಿತ್ತು. ಕಣ್ಣು ತುಂಬಿಕೊಂಡವು.

ಅವನು ಗಾಬರಿಯಾದ. "ನಾನು ಎಲೆಗೆ ಕೂತಿದ್ರೆ ಮಾತು ಅಲ್ಲೇ ಮುಗಿದೋಗ್ತಿತ್ತು. ನಿಮ್ಮನ್ನ ಯಾರೂ ಕೇಳೇ ಇರ್ಲಿಲ್ಲ! ನಿಮಗೂ ಸರಿಯಕ್ಕೆ ಒಂದಷ್ಟು ಜಾಗ ಇರ್ಲಿ ಅಂತ ಎದ್ದೆ. ನೀವು ಒಪ್ಪಿದ್ರೆ ಹೇಳಿ ಕಳಿಸ್ತೀರಿ ಅಂತ ದಿನಾ ಫೋನ್ ನೋಡ್ಕಂಡು ಕೂತಿದ್ದೆ."

"ಅದನ್ನ ಬಾಯಿಬಿಟ್ಟು ಹೇಳಕ್ಕೇನಾಗಿತ್ತು?"

"ಹೆಂಗೆ ಹೇಳ್ಲಿ? ನಿಮ್ಮ ಮುಖ ನೋಡಕ್ಕೇ ಧೈರ್ಯ ಇರ್ಲಿಲ್ಲ. ಅದ್ಕೇ ಬೋರ್ಡ್ ನೋಡ್ತಿದ್ದೆ..."

ಅಳುವಿನ ನಡುವೆಯೇ ಅವಳಿಗೆ ನಗು ಉಕ್ಕಿತು. ನನ್ನನ್ನ ಕೇಳಬೇಕು ಅಂತ ಇವರೊಬ್ಬರಿಗಾದ್ರೂ ಅನ್ನಿಸ್ತಲ್ಲ! ಕೊಳಾಲದ ಬಸ್ಸು ಹೊರಡುವ ಹಾರ್ನ್ ಹೊಡೆಯಿತು.

"ಅವ್ವ ಇವತ್ತು ಮುದ್ದೆ, ಅವರೆಕಾಳು ಸಾರು ಮಾಡ್ತಾವ್ಳೆ," ಅಂದಳು ನೆಲ ನೋಡುತ್ತಾ.

"ಅಂದ್ರೆ...?"

"ಎಲೆ ನಾನೇ ಹಾಕ್ತೀನಿ. ಕೂರ್ತೀರಾ?"

"ಹದಿನೈದು ದಿನದಿಂದ ಹಸ್ಕಂಡಿದೀನಿ ಕಣ್ರೀ!" ಎಂದು ಅವನು ಅವಳಿಗಿಂತ ಮೊದಲೇ ಬಸ್ಸು ಹತ್ತಿದ.