ಮುನ್ನೂರು ಮೀಟರ್ ಆಚೆಯ ಕೈ

“ಯಾವ ಹಕ್ಕಿ ನೋಡ್ಬೇಕಮ್ಮಾ?” ದುರ್ಬೀನು ಅಂಗಡಿಯ ಮುದುಕ ಕೇಳಿದ.

“ಹಕ್ಕಿ ಅಲ್ಲ, ಮನುಷ್ಯ,” ಎಂದಳು ಅವಳು. “ಮುನ್ನೂರು ಮೀಟರ್ ದೂರ. ನಾಲ್ಕನೇ ಮಹಡಿ ಕಿಟಕಿ.”

ಮುದುಕ ಹುಬ್ಬೇರಿಸಿದ. ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಅದು ಅಂಟುರೋಗದ ವಾರ್ಡು. ಒಳಗೆ ಯಾರನ್ನೂ ಬಿಡುವುದಿಲ್ಲ. ತಾನು ಮದುವೆಯಾಗಬೇಕಾದವನು ಆರು ವಾರದಿಂದ ಅಲ್ಲಿದ್ದಾನೆ. ದಿನಾ ಸಂಜೆ ಐದಕ್ಕೆ ಕಿಟಕಿಯಲ್ಲಿ ನಿಂತು ಕೈ ಬೀಸುತ್ತಾನೆ. ಎದುರಿನ ಪಾರ್ಕಿಂಗ್ ಕಟ್ಟಡದ ಮೇಲಿನಿಂದ ತಾನೂ ಬೀಸುತ್ತೇನೆ. ಕಾಣುವುದು ಕಡ್ಡಿಯಂಥ ಒಂದು ಆಕಾರ, ಅಷ್ಟೇ.

ಮುದುಕ ಒಂಟಿ ಕೊಳವೆಯ ದುರ್ಬೀನಿನಂಥ ಎರಡು ಸ್ಪಾಟಿಂಗ್ ಸ್ಕೋಪ್ ತಂದಿಟ್ಟ. ದೊಡ್ಡದು ಅರವತ್ತು ಪಟ್ಟು ಹಿಗ್ಗಿಸುತ್ತದಂತೆ. ಚಿಕ್ಕದನ್ನು ತಿರುಗಿಸಿ ಮೂವತ್ತಾರರವರೆಗೆ ಏರಿಸಬಹುದು. ಬೆಲೆಯಲ್ಲಿ ಎರಡಕ್ಕೂ ಹೆಚ್ಚು ಅಂತರವಿರಲಿಲ್ಲ.

“ಡಬ್ಬಿ ಮೇಲಿನ ಅರವತ್ತಕ್ಕೆ ಮರುಳಾಗ್ಬೇಡಮ್ಮ. ಅಗ್ಗದ ಗಾಜಲ್ಲಿ ಅಷ್ಟು ಹಿಗ್ಗಿಸಿದ್ರೆ ಬರೀ ಮಬ್ಬು. ಚಿಕ್ಕದು ಬ್ಯಾಗಲ್ಲಿ ಹಿಡಿಯತ್ತೆ, ಕನ್ನಡಕ ತೆಗೀದೇನೇ ನೋಡ್ಬಹುದು. ಜೊತೆಗೆ ಒಂದು ಗಟ್ಟಿ ಸ್ಟ್ಯಾಂಡ್ ತಗೋ. ಕೈ ನಡುಗಿದ್ರೆ ಎಂಥಾ ಗಾಜೂ ಕೆಲಸಕ್ಕೆ ಬರಲ್ಲ.”

ಅವಳದು ಬೀಜ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಮಾತನ್ನು ಹಾಗೇ ನಂಬುವವಳಲ್ಲ. ಬಾಗಿಲಲ್ಲಿ ನಿಂತು, ಬೀದಿಯ ತುದಿಯ ಬೋರ್ಡನ್ನು ಎರಡರಲ್ಲೂ ಓದಿದಳು. ದೊಡ್ಡದರಲ್ಲಿ ಅಕ್ಷರಗಳ ಅಂಚಿಗೆ ನೇರಳೆ ಬಣ್ಣ ಕಲಸಿಕೊಂಡಿತ್ತು. ಚಿಕ್ಕದರಲ್ಲಿ ಅಂಚು ಶುಭ್ರ.

ಚಿಕ್ಕದನ್ನೇ ಕೊಂಡಳು.

ಮಧ್ಯಾಹ್ನ ಫೋನಿನಲ್ಲಿ ಹೇಳಿದರೆ ಅವನಿಗೆ ಖುಷಿಯೇ ಆಗಲಿಲ್ಲ. ಅವನು ಬಡಗಿ. ಪ್ರಯೋಗಾಲಯಕ್ಕೆ ಕಪಾಟು ಮಾಡಲು ಬಂದವನು, ಮೂರನೇ ದಿನಕ್ಕೇ ಅವಳನ್ನು ‘ಮೊಳಕೆ’ ಎಂದು ಕರೆಯತೊಡಗಿದ್ದ.

“ಬೇಡ ಮೊಳಕೆ, ವಾಪಸ್ ಕೊಟ್ಬಿಡು.”

“ಯಾಕೆ, ಬಡಗಿಯವರು ಗಡ್ಡ ಬೋಳಿಸಿಲ್ವೋ?”

“ಸುಮ್ನೆ ದುಡ್ಡು ದಂಡ. ದೂರದಿಂದ್ಲೇ ನಾನು ಚೆಂದ.”

“ಹತ್ತಿರದಿಂದ ನೋಡಿಯೇ ಒಪ್ಪಿದ್ದು ನಾನು.”

ಅವನು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ಫೋನು ಕಟ್ಟಾಯಿತು.

ಐದಕ್ಕೆ ಅವಳು ಸ್ಟ್ಯಾಂಡನ್ನು ಪಾರ್ಕಿಂಗ್ ಕಟ್ಟಡದ ಮೋಟುಗೋಡೆಯ ಮೇಲೆ ಊರಿ ಕಣ್ಣಿಟ್ಟಳು. ಕಿಟಕಿ, ಮಾಸ್ಕು, ಬೀಸುವ ಎಡಗೈ. ಮುಖ ಮಾಸ್ಕಿನಲ್ಲಿ ಮುಚ್ಚಿಹೋಗಿತ್ತು; ಅವಳು ಕೈಯನ್ನೇ ನೋಡಿದಳು. ಅವನ ಎಡಗೈಯ ಉಂಗುರ ಬೆರಳಿನ ತುದಿಯನ್ನು ಗರಗಸ ಎಂದೋ ನುಂಗಿತ್ತು. ಉಂಗುರ ನಿಲ್ಲುತ್ತದೋ ಇಲ್ಲವೋ ಎಂದು ಇಬ್ಬರೂ ಎಷ್ಟು ನಕ್ಕಿದ್ದರು.

ಇಲ್ಲಿ ಐದು ಬೆರಳೂ ಪೂರ್ತಿಯಿದ್ದವು.

ಅವಳು ಕನ್ನಡಕ ಒರೆಸಿಕೊಂಡಳು. ಮೂವತ್ತಾರಕ್ಕೆ ತಿರುಗಿಸಿದಳು. ಐದೂ ಪೂರ್ತಿ.

ಸ್ಕೋಪನ್ನು ಕೂದಲೆಳೆಯಷ್ಟು ಕೆಳಗಿಳಿಸಿದಳು. ಹಿಂದೆ ಮಂಚ, ದಿಂಬು. ಮಡಿಸಿಟ್ಟ ಹೊದಿಕೆ ಎಂದುಕೊಂಡದ್ದು ಮನುಷ್ಯ. ಮೂಗಿಗೆ ನಳಿಕೆ, ಎದ್ದು ನಿಂತ ಕೆನ್ನೆಮೂಳೆ, ಕಿಟಕಿಯ ಕಡೆಗೇ ತೆರೆದ ಕಣ್ಣು.

ಫೋನು ಮಾಡಿದಳು. “ಕೈ ಬೀಸ್ತಿರೋದು ಯಾರು?”

ಮಂಚದ ಮೇಲಿನವನ ತುಟಿ ಅಲುಗಿತು. “ಪಕ್ಕದ ಮಂಚದ ಡ್ರೈವರಣ್ಣ.”

“ಎಷ್ಟು ದಿನದಿಂದ?”

“ಹದಿನೆಂಟು. ಎದ್ದು ನಿಲ್ಲೋಕಾಗಲ್ಲ ಮೊಳಕೆ. ಡಾಕ್ಟ್ರು ಮೊದಲು ‘ಆಗತ್ತೆ’ ಅಂತಿದ್ರು, ಈಗ ಬೆನ್ನು ತಟ್ಟಿ ಹೋಗ್ತಾರೆ. ನಿಂತಿರೋನು ಕಂಡ್ರೆ ನೀನು ನಾಳೇನೂ ಬರ್ತೀಯ ಅಂತ...”

“ಹಾಗಾದ್ರೆ ಹದಿನೆಂಟು ದಿನ ನಾನು ಗಾಳೀಲಿ ಮುತ್ತು ಎಸೆದಿದ್ದು ಡ್ರೈವರಣ್ಣನಿಗಾ?”

“ಅವನು ಒಂದನ್ನೂ ಹಿಡೀಲಿಲ್ಲ. ಎಲ್ಲಾ ಮಂಚಕ್ಕೇ ಬಂದು ಬಿತ್ತು.”

ಅವಳು ನಕ್ಕಳು, ಕಣ್ಣೀರಿಗೆ ಗಾಜು ಮಂಜಾಯಿತು, ಮತ್ತೆ ಒರೆಸಿದಳು.

“ಅಣ್ಣನಿಗೆ ಕೂತ್ಕೊಳ್ಳೋಕೆ ಹೇಳು. ಅಡ್ಡ ನಿಂತಿದ್ದಾರೆ.”

ಮಾಸ್ಕಿನ ಮನುಷ್ಯ ಅವಳ ಕಡೆಗೊಮ್ಮೆ ಕೈಮುಗಿದು ಪಕ್ಕಕ್ಕೆ ಸರಿದ.

ಹೊದಿಕೆಯೊಳಗಿಂದ ಎಡಗೈ ಗೇಣುದ್ದ ಮೇಲೆದ್ದು ಬಿತ್ತು. ಇನ್ನೊಮ್ಮೆ ಎದ್ದಿತು. ಈ ಸಲ ಆ ಮೋಟು ಬೆರಳು ಸ್ಪಷ್ಟವಾಗಿ ಕಂಡಿತು.

“ಈಗ ನೋಡ್ಬಿಟ್ಟೆಯಲ್ಲ,” ಎಂದ ಅವನು. “ನಾಳೆ?”

“ಐದಕ್ಕೆ. ನೀನು ಮಲಗೇ ಇರು, ಕೈ ಎತ್ತೋದೂ ಬೇಡ. ನನಗೆ ಎಲ್ಲಾ ಕಾಣತ್ತೆ.”

ನರ್ಸ್ ಬಂದು ಪರದೆ ಎಳೆಯುವವರೆಗೂ ಅವಳು ಕಣ್ಣು ತೆಗೆಯಲಿಲ್ಲ.