ಆರು ತಿಂಗಳು ತಡಿ ಅಂದವಳು

ಟಿಕೋಟಾದಲ್ಲಿ ಬಸ್ಸಿಳಿದು ಕಸ್ತೂರಿ ಒಣದ್ರಾಕ್ಷಿ ಶೆಡ್ಡಿಗೆ ಬಂದಾಗ ಸುಭಾಷ ಕಂಡೂ ಕಾಣದವನ ಹಾಗೆ ದ್ರಾಕ್ಷಿ ಆರಿಸುತ್ತಿದ್ದ. ಆದರೆ ಕಣ್ಣು ಮಾತು ಕೇಳಬೇಕಲ್ಲ! ಹೊರಳಿ ಹೊರಳಿ ಅವಳ ಮೇಲೇ ಬೀಳುತ್ತಿತ್ತು.

"ಭಾಳ ಸೊರಗೀದಿ. ಪುಣಾದಾಗ ಊಟಾ ಹಾಕೂದಿಲ್ಲೇನು?" ಅಂದ.

"ಲ್ಯಾಬಿನ್ಯಾಗ ನನ್ನ ಸೆಲ್ಲಿಗೆ ಊಟಾ ಹಾಕೂದ್ರಾಗ ನಂದು ಮರೀತೈತಿ."

ಅವನು ನಕ್ಕ. ಅವನ ಅವ್ವ ತೀರಿಕೊಂಡು ಎಂಟು ತಿಂಗಳಾದ ಮೇಲೆ ಕಸ್ತೂರಿ ಆ ನಗೆ ಮತ್ತೆ ಕಂಡಳು.

ರೋಗಿಯ ರಕ್ತದಿಂದ ರೋಗದೊಂದಿಗೆ ಹೋರಾಡುವ ಟಿ-ಸೆಲ್‌ಗಳನ್ನು ತೆಗೆದು, ಕ್ಯಾನ್ಸರಿನ ಗುರುತು ಹಿಡಿಯುವಂತೆ ತಿದ್ದಿ, ಬೆಳೆಸಿ, ಮತ್ತೆ ಮೈಗೆ ಸೇರಿಸುವುದು ಅವಳ ಕೆಲಸ. ರಕ್ತದ ಕ್ಯಾನ್ಸರಿಗೆ ಈ ಮದ್ದು ನಾಟಿದೆ. ಗಡ್ಡೆಯ ಮುಂದೆ ಮಾತ್ರ ಆ ಸೆಲ್‌ಗಳು ಒಳಗೆ ಹೋಗುವಷ್ಟರಲ್ಲೇ ಸುಸ್ತಾಗುತ್ತವೆ. ಅವಳ ಹೊಸ ಸೆಲ್‌ಗಳು ಇಲಿಯ ಗಡ್ಡೆ ಕರಗಿಸಿದ ವಾರವೇ ಸುಭಾಷನ ಅವ್ವ ನೀಲಾಬಾಯಿಯ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತ್ತು.

ಕೂಡಲೇ ಆಪರೇಷನ್ ಮಾಡಿಸಿ ಎಂದು ವಿಜಯಪುರದ ಡಾಕ್ಟರು ಹೇಳಿದ್ದರು. ಸುಭಾಷ ಫೋನಿನಲ್ಲಿ ಅತ್ತುಬಿಟ್ಟ. ಅವನು ಅಳುವುದನ್ನು ಅವಳು ಕೇಳಿದ್ದು ಅದೇ ಮೊದಲು.

"ಆರು ತಿಂಗಳು ತಡಿ," ಅಂದುಬಿಟ್ಟಳು. "ನಿಮ್ಮವ್ವಗ ನನ್ನ ಸೆಲ್ಲ ಕೊಡಸ್ತೀನಿ."

ಇಲಿಯಿಂದ ಮನುಷ್ಯರ ತನಕದ ದಾರಿ ಎಷ್ಟು ದೂರ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಪ್ರೀತಿ ಅವಳ ಬಾಯಲ್ಲಿ ಸುಳ್ಳಾಡಿಸಿತು. ಆಪರೇಷನ್ ಮುಂದಕ್ಕೆ ಹೋಯಿತು, ಪ್ರಯೋಗಕ್ಕೆ ಅನುಮತಿ ಬರಲಿಲ್ಲ. ಐದನೆಯ ತಿಂಗಳಿಗೆ ನೀಲಾಬಾಯಿ ಹೋಗೇಬಿಟ್ಟಳು.

ಸತ್ತವರ ಮನೆಯಲ್ಲಿ ವರ್ಷದೊಳಗೆ ಮದುವೆ ಆಗಬೇಕು, ಇಲ್ಲವಾದರೆ ಮೂರು ವರ್ಷ ಕಾಯಬೇಕು. ಅದಕ್ಕೇ ಸುಭಾಷನ ಅಪ್ಪ ಗುರುಪಾದಯ್ಯ ಮುಂದಿನ ತಿಂಗಳಿಗೆ ಇವರಿಬ್ಬರ ಮದುವೆಯ ಮುಹೂರ್ತ ತೆಗೆಸಿದ್ದ. ಅನುಮತಿ ತಡವಾದದ್ದು ತಮ್ಮ ದೈವ ಎಂದೇ ಅಪ್ಪ ಮಗ ಇಬ್ಬರೂ ನಂಬಿದ್ದರು. ಕಸ್ತೂರಿ ಸುಮ್ಮನಿದ್ದಿದ್ದರೆ ತಾಳಿ ಅವಳ ಕೊರಳಿಗೆ ಬೀಳುತ್ತಿತ್ತು.

ಸುಮ್ಮನಿರಲು ಆಗಲಿಲ್ಲ. ಪ್ರಯೋಗಕ್ಕೆ ಈ ವಾರ ಅನುಮತಿ ಬಂತೆಂದು ಹೇಳಿ, ಅವತ್ತು ತಾನು ಏನೊಂದೂ ಖಾತ್ರಿಯಿಲ್ಲದೆ ಮಾತು ಕೊಟ್ಟೆನೆಂದು ತಲೆ ತಗ್ಗಿಸಿ ಒಪ್ಪಿಕೊಂಡಳು.

ಸುಭಾಷ ಕೈಯಲ್ಲಿದ್ದ ದ್ರಾಕ್ಷಿ ಕೆಳಗಿಟ್ಟ.

"ಅವ್ವ ಆಪರೇಷನ್‌ಗೆ ಹೂಂ ಅಂದಿದ್ಳು, ಕಸ್ತೂರಿ. ನಾನ ಬ್ಯಾಡ ಅಂದೆ. ಕಸ್ತೂರಿ ಸುಳ್ಳ ಹೇಳಾಕಿ ಅಲ್ಲ ಅಂದೆ."

ಅವಳು ಅವನ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ, ತಿರುಗಿ ಹಿಡಿಯಲೂ ಇಲ್ಲ. ಈ ಮುಹೂರ್ತ ತಪ್ಪಿದರೆ ಮೂರು ವರ್ಷವಲ್ಲ, ಮೂವತ್ತು ವರ್ಷವಾದರೂ ಕಾಯುತ್ತೇನೆ ಎಂದಳು.

"ನಿನ್ನ ಮ್ಯಾಲಿನ ಪ್ರೀತಿ ಹೋಗಿಲ್ಲ," ಅಂದ ಅವನು. "ಹೋಗಿದ್ರ ಚಲೋ ಇತ್ತು. ಆದ್ರ ಈಗ ನೀ ಕಾಯ್ತೀನಿ ಅಂದ್ರೂ ಖರೇನೋ ಸುಳ್ಳೋ ಅಂತ ನನಗ ತಿಳೀವಲ್ದು."