ಕೆಂಚಮ್ಮನ ಸೊಪ್ಪಿನ ರಸ

"ನಾನ್ ಇಸ ಹಾಕಿಲ್ಲ ಬುದ್ದಿ. ನನ್ನ ಠಾಣೆಗೆ ಎಳ್ಕಂಡ್ ಹೋಯ್ತಾರಂತೆ!"

ದೊಡ್ಡೇರಿಯ ನಾಟಿವೈದ್ಯೆ ಕೆಂಚಮ್ಮ ಜಗಲಿಯ ಮೇಲೆ ಕುಸಿದಳು. ನನ್ನ ಗೆಳೆಯ, ನಿವೃತ್ತ ಪೊಲೀಸ್ ಜಮಾದಾರ ಕಾಡಸಿದ್ದಪ್ಪ ನಶ್ಯದ ಡಬ್ಬಿ ಮುಚ್ಚಿದ. ಇನ್ನು ನನಗೆ ಊಟವಿಲ್ಲ, ಓಡಾಟವೇ ಎಂದುಕೊಂಡೆ.

ಮಧುಗಿರಿ ದವಾಖಾನೆಯ ಡಾಕ್ಟರ್ ಗಂಗಾಧರಯ್ಯ ಪರೀಕ್ಷೆ ಹೂಡಿದ್ದರು. ಕುರಿಗಳಿಗೆ ಸಣ್ಣ ಗಾಯ ಮಾಡಿ, ಕೆಲವಕ್ಕೆ ಕೆಂಚಮ್ಮನ ರಸ, ಕೆಲವಕ್ಕೆ ಕಾಂಪೌಂಡರ್ ಪರ್ವತಯ್ಯನವರ ಮನೆತನದ ಮುಲಾಮು. ರಸದ ಗಾಯಗಳೇ ಬೇಗ ಮಾಯುತ್ತಿದ್ದವು. ಹಿಂದಿನ ದಿನ ಹೊಸ ರಸ ಸವರಿದ ಮೇಲೆ ಮಾತ್ರ ಕಪ್ಪಗಾಗಿ ಬೊಬ್ಬೆ ಎದ್ದಿದ್ದವು.

ನಾವು ದವಾಖಾನೆಗೆ ಹೋದೆವು. ನನ್ನ ಗುಮಾನಿ ಕುರಿಗಾಹಿ ಚಿಕ್ಕರಂಗಯ್ಯನ ಮೇಲೆ. "ನೆಟ್ಟಗಿರೋ ಕುರೀಗ್ ಗಾಯ ಮಾಡಿ ವಾಸಿ ಮಾಡ್ತಾರಂತೆ! ಇದೆಂಥಾ ಬುದ್ವಂತ್ಕೆ ಸೋಮಿ?" ಎಂದು ಉರಿದುಬಿದ್ದ. ಪರ್ವತಯ್ಯನವರೋ ವಿಭೂತಿ ಧರಿಸದೆ ಔಷಧಿ ಮುಟ್ಟದ ಆಚಾರವಂತರು. ಅವತ್ತೂ ಹಣೆ ತುಂಬ ವಿಭೂತಿ ಬೆಳಗುತ್ತಿತ್ತು.

ಕಾಡಸಿದ್ದಪ್ಪ ಕುರಿಗಳ ಗಾಯದ ಕಪ್ಪು ಕಲೆ ನೋಡಿ ಡಾಕ್ಟರಿಗೆ, "ಎರಡು ದಿನ ತಡೀರಿ. ಆಮೇಲೆ ಇವಳನ್ನ ಠಾಣೆಗೆ ಕಳಿಸಿ," ಎಂದಷ್ಟೇ ಹೇಳಿದ. ನನಗೆ ರೇಗಿತು. ಆ ಹೆಂಗಸಿನ ಮರ್ಯಾದೆ ಹೋಗುತ್ತಿರುವಾಗ ಇವನಿಗೆಂಥ ನಿಧಾನ!

ಎರಡು ದಿನದ ನಂತರ ದವಾಖಾನೆಯಲ್ಲಿ ಎಲ್ಲರೂ ಸೇರಿದೆವು.

"ರಸಕ್ಕೆ ಕಲೆಸಿದ್ದು ಕರಿಗೇರಿನ ಎಣ್ಣೆ. ಅಗಸರು ಬಟ್ಟೆಗೆ ಗುರುತು ಹಾಕೋದು," ಎಂದ ಕಾಡಸಿದ್ದಪ್ಪ. "ಗಾಯವಿಲ್ಲದ ಮೈಗೆ ತಾಗಿದ್ರೆ ಒಂದೆರಡು ದಿನ ಬಿಟ್ಟು ಗುಳ್ಳೆ ಏಳುತ್ತೆ, ಅದಕ್ಕೇ ಕಾದೆ. ಕೆಂಚಮ್ಮ ಮೊಣಕೈವರೆಗೆ ರಸ ಸುರಿಯೋ ಹಾಗೆ ಹಿಂಡೋಳು. ತೋಳಲ್ಲಿ ಒಂದು ಗುಳ್ಳೆಯೂ ಇಲ್ಲ. ಅಂದ್ರೆ ರಸದ ಮಡಕೆ ಇಲ್ಲಿಗೆ ಬಂದ ಮೇಲೆ ಕಲೆಸಿದ್ದು. ಡಾಕ್ಟರು ಸವರಿದ್ದು ಕೋಳಿಗರಿಯಲ್ಲಿ, ಕೈಗೆ ತಾಗಿಲ್ಲ. ಚಿಕ್ಕರಂಗಯ್ಯ ಅಂಗಳ ದಾಟಿ ಒಳಗೇ ಬಂದಿಲ್ಲ. ಪರ್ವತಯ್ಯನವರೇ, ರುಮಾಲು ಯಾಕೆ ಹುಬ್ಬಿನ ತನಕ ಇಳಿದಿದೆ? ತೆಗೀರಿ."

ಅವರು ರುಮಾಲನ್ನು ಇನ್ನೂ ಕೆಳಗೆಳೆದುಕೊಂಡರು. ಡಾಕ್ಟರೇ ರುಮಾಲು ಮೇಲೆತ್ತಿದರು. ಹಣೆಯ ಮೇಲೆ ಅಡ್ಡಡ್ಡ ಮೂರು ಸಾಲು ಗುಳ್ಳೆ!

"ಕೈ ತೊಳೆದ್ರಿ. ಆ ಎಣ್ಣೆ ಬರೀ ನೀರಿಗೆ ಬಿಡಲ್ಲ. ಅದೇ ಮೂರು ಬೆರಳಲ್ಲಿ ವಿಭೂತಿ ಹಚ್ಚಿದ್ರಿ."

ಪರ್ವತಯ್ಯನವರು ರುಮಾಲು ತೆಗೆದು ಕೈಯಲ್ಲಿ ಹಿಡಿದರು. "ತಾತನ ಕಾಲದಿಂದ ಪಾವಗಡದವರೆಗೂ ನಮ್ಮ ಮುಲಾಮಿನ ಹೆಸರಿತ್ತು. ಒಂದು ಸೊಪ್ಪು ಅದನ್ನ ಸೋಲಿಸುತ್ತೆ ಅಂತ ಸಹಿಸಲಾಗಲಿಲ್ಲ."

ಪೊಲೀಸಿಗೆ ಹೇಳಿಕಳಿಸಲು ಡಾಕ್ಟರು ಎದ್ದರು. ಕೆಂಚಮ್ಮ ತಡೆದಳು.

"ಇರ್ಲಿ ಬುಡಿ ಬುದ್ದಿ. ಪರೀಕ್ಸೆ ಅರ್ಧಕ್ಕೆ ನಿಂತೈತಲ್ಲ? ಇವ್ರ ಹಣೆ ಮ್ಯಾಲೇ ಮಾಡಿ. ಒಂದ್ ಕಡೀಕ್ ಮುಲಾಮು, ಒಂದ್ ಕಡೀಕ್ ನನ್ನ ಸೊಪ್ಪು."

ನಾನು ನಕ್ಕುಬಿಟ್ಟೆ. ಪರ್ವತಯ್ಯನವರು ನಗಲಿಲ್ಲ. ಅವಳೆದುರು ತಲೆ ಬಗ್ಗಿಸಿ ಕುಳಿತು, "ಎರಡು ಕಡೆಗೂ ಸೊಪ್ಪೇ ಹಚ್ಚು, ತಾಯಿ," ಎಂದರು.